ಲಿಂಬೆ ತೋಟದ ಒಡ್ಡಿನ ಮೇಲಿನ ಕಾಡುಹೂವು, ಚಿಟ್ಟೆಗಳ ಚಿತ್ರ ತೆಗೆಯುವ ಬಗ್ಗೆ ಸಲಹೆ ಬೇಕು

ಲಿಂಬೆಬನ (ಇಂಡಿ ತಾಲ್ಲೂಕು, ವಿಜಯಪುರ)

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಹಳೆಯ ಲಿಂಬೆ ತೋಟವಿದ್ದು, ಅದರ ಮಗ್ಗುಲಿಗೆ ಈಚೆಗೆ ಹೊಸ ಸಸಿಗಳನ್ನೂ ನೆಟ್ಟಿದ್ದೇವೆ. ತೋಟಕ್ಕೂ ಜೋಳದ ಹೊಲಕ್ಕೂ ನಡುವೆ ಇರುವ ಅಗಲವಾದ ಒಡ್ಡನ್ನು ಈ ವರ್ಷ ಹರಗದೆ, ಕಳೆನಾಶಕವನ್ನೂ ಹೊಡೆಯದೆ ಬಿಟ್ಟಿದ್ದರಿಂದ ಮಳೆ ಬಿದ್ದ ಮೇಲೆ ಅಲ್ಲಿ ತುಂಬೆ, ವಿಷ್ಣುಕ್ರಾಂತಿ, ಉತ್ತರಾಣಿ, ನೆಗ್ಗಿಲು, ಎಕ್ಕೆ, ಗೋಣಿಸೊಪ್ಪು ತಾವಾಗಿಯೇ ಎದ್ದಿವೆ. ಅವುಗಳ ಬೆನ್ನಿಗೇ ಚಿಟ್ಟೆ, ಜೇನು, ದುಂಬಿಗಳೂ ಬಂದಿವೆ. ಬಾವಿಯ ಮೇಲಕ್ಕೆ ಬಾಗಿದ ಜಾಲಿಯಲ್ಲಿ ಗೀಜಗಗಳು ಗೂಡು ಕಟ್ಟುತ್ತಿವೆ.

ಇವುಗಳ ಚಿತ್ರ ತೆಗೆದಿಡಬೇಕೆಂಬ ಆಸೆ ನನಗಿದೆ. ಮೊಬೈಲಿನ ಜೊತೆಗೆ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು 70-300 ಮಿ.ಮೀ. ಲೆನ್ಸ್ ನನ್ನಲ್ಲಿವೆ. ಹಕ್ಕಿಗಳ ಚಿತ್ರ ತಕ್ಕಮಟ್ಟಿಗೆ ಬರುತ್ತವೆ, ಆದರೆ ತುಂಬೆಯ ಹೂವು ವಿವರವೇ ಇಲ್ಲದ ಬಿಳಿ ಮುದ್ದೆಯಾಗಿ ಕಾಣುತ್ತದೆ ಮತ್ತು ವಿಷ್ಣುಕ್ರಾಂತಿ ಗಾಳಿಗೆ ಅಲುಗಿ ಮಸುಕಾಗುತ್ತದೆ. ಸಣ್ಣ ವಸ್ತುಗಳನ್ನು ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಕೊಳ್ಳಲೇಬೇಕೇ? ಒಡ್ಡಿನುದ್ದಕ್ಕೂ ಓಡಾಡಿ ಕಂಡದ್ದನ್ನೆಲ್ಲ ತೆಗೆಯುವುದು ಸರಿಯೋ, ಅಥವಾ ಇದಕ್ಕೆ ಬೇರೆ ಕ್ರಮವಿದೆಯೋ? ಒಡ್ಡಿನ ತುಂಬ ಕಸ ಬೆಳೆಸಿದ್ದೇನೆಂದು ಮನೆಯಲ್ಲಿ ಮಾತು ಕೇಳಬೇಕಾಗಿದೆ, ಅದಕ್ಕೂ ಒಂದು ಉತ್ತರ ಸಿಕ್ಕರೆ ಒಳ್ಳೆಯದು.

ಡೋಣಿದಂಡೆ

ಲೆನ್ಸಿನ ವಿಚಾರವನ್ನು ಬೇರೆಯವರು ಹೇಳಲಿ. ನಾನು ನಿಮ್ಮ ಎರಡನೆಯ ಪ್ರಶ್ನೆಯನ್ನಷ್ಟೇ ಹಿಡಿಯುತ್ತೇನೆ, ಏಕೆಂದರೆ ಹೆಚ್ಚಿನವರು ದಾರಿ ತಪ್ಪುವುದು ಅಲ್ಲಿಯೇ. ಓಡಾಡಬೇಡಿ. ಒಂದು ಗಿಡವನ್ನು ಆರಿಸಿಕೊಂಡು ಅದರ ಮುಂದೆ ಕುಳಿತುಬಿಡಿ, ಮತ್ತು ಹೂವನ್ನು ಬೇರೆ, ಕೀಟವನ್ನು ಬೇರೆ ಎಂದು ತೆಗೆಯದೆ ಯಾವ ಜೀವಿ ಯಾವ ಗಿಡಕ್ಕೆ ಯಾಕೆ ಬಂದಿತು ಎಂಬುದು ತಿಳಿಯುವಂತೆ ತೆಗೆಯಿರಿ. ಚಿಟ್ಟೆಯೊಂದು ರೆಕ್ಕೆ ಬಿಚ್ಚಿ ಕುಳಿತ ಅಂದದ ಚಿತ್ರಗಳು ಈಗ ಎಲ್ಲೆಡೆ ಸಿಗುತ್ತವೆ, ಆದರೆ ಅದು ಕುಳಿತ ಎಲೆ ಯಾವುದೆಂದು ಗುರುತಿಸಲು ಬರುವಂಥವು ಅಪರೂಪ.

ತುಂಬೆಯಿಂದಲೇ ಶುರುಮಾಡಬಹುದು. ಅದರ ಹೂವಿಗೆ ಎರಡು ತುಟಿಗಳಿವೆ: ಕೆಳತುಟಿ ಅಗಲವಾಗಿ ಹರಡಿಕೊಂಡಿದೆ, ಮೇಲ್ತುಟಿ ಚಿಕ್ಕದಾಗಿದ್ದು ಅದರ ಮೇಲೆ ಬಿಳಿಯ ನವಿರು ರೋಮಗಳಿವೆ. ಆ ಮೇಲ್ತುಟಿಯ ಮರೆಯಲ್ಲಿ ಕಿತ್ತಳೆ ಬಣ್ಣದ ಪರಾಗಕೋಶಗಳು ಅಡಗಿರುತ್ತವೆ. ಜೇನು ಕೆಳತುಟಿಯ ಮೇಲೆ ಇಳಿದು ಮಕರಂದಕ್ಕಾಗಿ ತಲೆ ತೂರಿಸಿದಾಗ ಆ ಪರಾಗ ಅದರ ತಲೆಗೆ, ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ಆ ಗಳಿಗೆಯನ್ನು ಪಕ್ಕದಿಂದ, ಹೂವಿನ ಎತ್ತರಕ್ಕೇ ಕ್ಯಾಮೆರಾ ಇಳಿಸಿ ತೆಗೆದರೆ ಹೂವಿನ ರಚನೆಯೂ ಜೇನಿನ ಕೆಲಸವೂ ಒಂದೇ ಚಿತ್ರದಲ್ಲಿ ಸಿಗುತ್ತವೆ. ಮೇಲಿನಿಂದ ಬಗ್ಗಿ ತೆಗೆದರೆ ಎರಡೂ ಕೈತಪ್ಪುತ್ತವೆ.

ಎಕ್ಕೆಯ ಮುಂದೆ ಕುಳಿತರೆ ದೊಡ್ಡ ಕಪ್ಪು ಕೊರೆದುಂಬಿಗಳು ಬರುತ್ತವೆ. ಅವುಗಳ ಕಾಲಿಗೆ ಪರಾಗದ ಹಳದಿ ಗಂಟುಗಳು ಅಂಟಿಕೊಂಡಿವೆಯೇ ಎಂದು ನೋಡಿ. ಎಲೆಯ ಅಡಿಯಲ್ಲಿ ಹಳದಿ, ಕಪ್ಪು, ಬಿಳಿ ಪಟ್ಟೆಗಳ ಹುಳು ಕಂಡರೆ ಅದು ಪ್ಲೇನ್ ಟೈಗರ್ ಚಿಟ್ಟೆಯದು. ಎಕ್ಕೆಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಆದ್ದರಿಂದ ಚಿತ್ರಕ್ಕೆ ಅಡ್ಡವೆಂದು ಎಲೆ ಮುರಿಯಲು ಹೋಗಬೇಡಿ. ಹೂವಿನ ಗುರುತು ಬೇಕೆಂದಾಗ ಇಡೀ ಗಿಡ, ಎಲೆಯ ಎರಡೂ ಬದಿ, ಹೂವಿನ ಮುಂಭಾಗ ಮತ್ತು ಪಕ್ಕ, ಕಾಯಿ ಇವೆಲ್ಲವನ್ನೂ ತೆಗೆದು ಜಾಲತಾಣಗಳಾದ ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ಬಲ್ಲವರು ಹೆಸರು ಹೇಳುತ್ತಾರೆ. ಬರೀ ಹೂವಿನ ಚಿತ್ರವೊಂದನ್ನೇ ಹಾಕಿದರೆ ಅನೇಕ ಸಲ ಯಾರಿಂದಲೂ ಹೇಳಲಾಗುವುದಿಲ್ಲ.

ಎರೆಹೊಲ

ಮೇಲಿನವರ ಮಾತಿಗೆ ನನ್ನ ಒಪ್ಪಿಗೆ ಇದೆ, ಆದರೆ ಒಕ್ಕಲುತನದವನಾಗಿ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಒಡ್ಡಿನ ಮೇಲೆ ಬಂದದ್ದೆಲ್ಲವನ್ನೂ ಬಿಡುವುದು ತರವಲ್ಲ. ಕಾಂಗ್ರೆಸ್ ಕಸ ಅಮೆರಿಕ ಖಂಡದಿಂದ ಬಂದದ್ದು. ಅದು ಮೈಗೆ ತುರಿಕೆ, ಉಬ್ಬಸ ತರುವುದಲ್ಲದೆ ತುಂಬೆ, ವಿಷ್ಣುಕ್ರಾಂತಿಯಂಥ ಸಣ್ಣ ಗಿಡಗಳಿಗೆ ಜಾಗವನ್ನೇ ಕೊಡುವುದಿಲ್ಲ. ಅದು ಹೂವಾಡುವ ಮೊದಲೇ ಕೈಗವಸು ಹಾಕಿಕೊಂಡು ಬೇರುಸಹಿತ ಕಿತ್ತುಬಿಡಿ. ಕೀಳುವ ಮುನ್ನ ಅದರ ಎಲೆಗಳನ್ನೊಮ್ಮೆ ನೋಡಿದರೆ, ಕೆನೆಬಣ್ಣದ ಬೆನ್ನ ಮೇಲೆ ಕಂದು ಗೆರೆಗಳಿರುವ ಪುಟ್ಟ ಜೀರುಂಡೆಗಳು ಸಿಗಬಹುದು. ಈ ಕಸವನ್ನು ತಿನ್ನಿಸಲೆಂದೇ ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆಗಳ ಸಂತತಿ ಅದು, ಚಿತ್ರಕ್ಕೂ ಯೋಗ್ಯವಾದದ್ದು.

ಇನ್ನೊಂದು ಮಾತು ಲಿಂಬೆ ಚಿಟ್ಟೆಯದು. ಅದು ಎಳೆಯ ಚಿಗುರಿನ ಮೇಲೆ ಒಂದೊಂದಾಗಿ ತಿಳಿಹಳದಿ ಮೊಟ್ಟೆ ಇಡುತ್ತದೆ. ಮರಿಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ ಕಂದು-ಬಿಳಿಯಾಗಿದ್ದು, ಕೊನೆಯ ಹಂತದಲ್ಲಿ ಹಸಿರಾಗುತ್ತದೆ. ಹಳೆಯ ಮರಗಳಿಗೆ ಅದರಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ, ಹೊಸ ಸಸಿಗಳಿಗಾದರೆ ಚಿಗುರೇ ಉಳಿಯುವುದಿಲ್ಲ. ಸಸಿಗಳ ಮೇಲಿನ ಹುಳುಗಳನ್ನು ಕೈಯಿಂದ ಆಯ್ದು ಅಂಚಿನ ಒಂದು ಹಳೆಯ ಮರಕ್ಕೆ ಬಿಡಿ, ಔಷಧಿ ಹೊಡೆಯುವ ಕೆಲಸವೂ ತಪ್ಪುತ್ತದೆ, ಚಿತ್ರಕ್ಕೆ ಒಂದು ಖಾಯಂ ಮರವೂ ಆಗುತ್ತದೆ. ಹಸಿರು ಹುಳುವನ್ನು ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಕೊಂಬೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಚಿತ್ರಕ್ಕಾಗಿ ಅದನ್ನು ಮತ್ತೆ ಮತ್ತೆ ಕೆಣಕಬಾರದು. ಮನೆಯವರಿಗೆ ನಾನಾದರೆ ಹೇಳುವ ಉತ್ತರ ಇಷ್ಟೇ: ಒಡ್ಡಿನ ಹೂವಿಗೆ ಬರುವ ಜೇನೇ ಲಿಂಬೆಯ ಹೂವಿಗೂ ಬರುತ್ತದೆ.

ಮಲಪ್ರಭೆ

ಲೆನ್ಸಿನ ವಿಷಯಕ್ಕೆ ಬರುತ್ತೇನೆ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನಿಮ್ಮ 70-300 ಲೆನ್ಸನ್ನು 300ರಲ್ಲಿಟ್ಟು, ಅದು ಫೋಕಸ್ ಮಾಡಬಲ್ಲ ಅತಿ ಹತ್ತಿರದ ದೂರದಲ್ಲಿ ನಿಂತರೆ ಚಿಟ್ಟೆಗಳಿಗೆ ಧಾರಾಳವಾಗಿ ಸಾಕು, ಅವು ಬೆದರುವುದೂ ಇಲ್ಲ. ತುಂಬೆ, ವಿಷ್ಣುಕ್ರಾಂತಿಯಷ್ಟು ಸಣ್ಣ ಹೂವಿಗೆ ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಜೋಡಿಸುವ ಪೊಳ್ಳು ಕೊಳವೆಯಾದ ಎಕ್ಸ್‌ಟೆನ್ಷನ್ ಟ್ಯೂಬ್ ಸಾಕಾಗುತ್ತದೆ. ಅದರಲ್ಲಿ ಗಾಜೇ ಇರುವುದಿಲ್ಲವಾದ್ದರಿಂದ ಬೆಲೆಯೂ ಕಡಿಮೆ. ಮ್ಯಾಕ್ರೋ ಲೆನ್ಸ್ ಕೊಂಡವರಿಗೂ ಕಷ್ಟ ತಪ್ಪಿದ್ದಲ್ಲ: ಹೂವಿನ ನಿಜ ಗಾತ್ರವೇ ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಸೆನ್ಸರಿನ ಮೇಲೆ ಮೂಡುವಷ್ಟು ಹತ್ತಿರ ಹೋದಾಗ, ಲೆನ್ಸಿನ ಕಿಂಡಿಯನ್ನು ಅಗಲವಾಗಿ ತೆರೆದ ಎಫ್/2.8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ, ಕಿಂಡಿಯನ್ನು ಎಫ್/11ಕ್ಕೆ ಕಿರಿದು ಮಾಡಿದರೂ ಒಂದೂವರೆ ಮಿಲಿಮೀಟರಿನ ಒಳಗೇ ಉಳಿಯುತ್ತದೆ. ಹಾಗಾಗಿ ಚಿಟ್ಟೆಯ ರೆಕ್ಕೆಗೆ ಕ್ಯಾಮೆರಾ ಸಮಾಂತರವಾಗಿರುವಂತೆ ಹಿಡಿಯುವ ಅಭ್ಯಾಸ ಎಲ್ಲ ಲೆನ್ಸಿಗಿಂತ ದೊಡ್ಡದು.

ತುಂಬೆ ಬಿಳಿ ಮುದ್ದೆಯಾಗುವುದಕ್ಕೆ ಕಾರಣ, ಕ್ಯಾಮೆರಾ ಸುತ್ತಲಿನ ಎರೆಮಣ್ಣಿನ ಕಪ್ಪನ್ನು ಅಳೆದು ಬೆಳಕನ್ನು ಹೆಚ್ಚಿಸುವುದು. ಚಿತ್ರದ ಬೆಳಕನ್ನು ಏರಿಸಿ ಇಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಷನನ್ನು ಮೈನಸ್ ಒಂದರ ಆಸುಪಾಸಿಗೆ ಇಳಿಸಿ, ಮೊಬೈಲಿನಲ್ಲಾದರೆ ಹೂವಿನ ಮೇಲೆ ಬೆರಳಿಟ್ಟು ಬೆಳಕಿನ ಗುರುತನ್ನು ಕೆಳಕ್ಕೆ ಎಳೆಯಿರಿ. ಗಾಳಿಗೆ ಪರಿಹಾರವೆಂದರೆ ಹೊತ್ತು. ನಮ್ಮ ಸೀಮೆಯಲ್ಲಿ ಆಷಾಢದ ಗಾಳಿಯಲ್ಲಿ ಹೂವಿನ ಚಿತ್ರ ತೆಗೆಯುವುದು ಬಹುಮಟ್ಟಿಗೆ ವ್ಯರ್ಥ. ಹಿಂಗಾರಿ ಬಿತ್ತನೆ ಮುಗಿದ ಮೇಲೆ ಬೆಳಗಿನ ಹೊತ್ತು ಗಾಳಿ ನಿಂತಿರುತ್ತದೆ, ಇಬ್ಬನಿಯೂ ಇರುತ್ತದೆ, ತಂಪಿಗೆ ಚಿಟ್ಟೆಗಳು ಬೇಗ ಹಾರುವುದೂ ಇಲ್ಲ. ವಿಷ್ಣುಕ್ರಾಂತಿ ಮಧ್ಯಾಹ್ನದ ನಂತರ ಮುಚ್ಚಿಕೊಳ್ಳುವುದರಿಂದ ಅದಕ್ಕೆ ಮುಂಜಾವೇ ಸರಿ. ನೆಲಕ್ಕೆ ಮಲಗುವ ಮುನ್ನ ಕೋಲಿನಿಂದ ಹುಲ್ಲನ್ನು ತಟ್ಟಿ ನೋಡಿ, ಒಡ್ಡಿನ ಬಿಲಗಳಲ್ಲಿ ಮಂಡಲದ ಹಾವು ಇರುವುದುಂಟು.

ಗೀಜಗದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಬಾವಿಯ ಆಚೆ ದಂಡೆಯಿಂದ, 300ರಲ್ಲೇ ತೆಗೆಯಿರಿ, ಮುಳ್ಳುಕೊಂಬೆ ಕಡಿದು ದಾರಿ ಮಾಡಿಕೊಳ್ಳಬೇಡಿ. ಕಾಡುಹಕ್ಕಿಯ ಗೂಡನ್ನು, ಮೊಟ್ಟೆಯನ್ನು ಕದಡುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಪೂರ್ತಿಯಾದ ಗೂಡಿಗಿಂತ ಅರ್ಧ ಕಟ್ಟಿದ ಗೂಡಿನ ಮೇಲೆ ಕಣ್ಣಿಡಿ: ಹೆಣ್ಣು ಬಂದು ಪರೀಕ್ಷಿಸುವುದು ಆಗಲೇ, ಗಂಡು ರೆಕ್ಕೆ ಬಡಿಯುತ್ತ ಜೋತಾಡುವುದೂ ಆಗಲೇ.

ಲಿಂಬೆಬನ

ಎಲ್ಲರಿಗೂ ಧನ್ಯವಾದಗಳು. ಹೇಳಿದಂತೆ ಒಂದೇ ಕಡೆ ಕುಳಿತು ನೋಡಿದೆ. ಒಂದು ಸಂಶಯ ಉಳಿದಿದೆ. ಕಿತ್ತಳೆ ರೆಕ್ಕೆ, ಕಪ್ಪು ತುದಿ, ಅದರಲ್ಲಿ ಬಿಳಿ ಪಟ್ಟೆ ಇರುವ ಚಿಟ್ಟೆಯನ್ನು ಪ್ಲೇನ್ ಟೈಗರ್ ಎಂದುಕೊಂಡಿದ್ದೆ, ಆದರೆ ಅದು ಎಕ್ಕೆಯನ್ನು ಬಿಟ್ಟು ಗೋಣಿಸೊಪ್ಪಿನ ಮೇಲೆ ಮೊಟ್ಟೆಯಿಡುತ್ತಿತ್ತು. ಚಿತ್ರ ಹಾಕಿದ್ದೇನೆ.

ಡೋಣಿದಂಡೆ

ಚಿತ್ರದಲ್ಲಿ ಎಲೆಯೂ ಬಂದಿರುವುದರಿಂದ ಕೆಲಸ ಸುಲಭವಾಯಿತು. ಇದು ಪ್ಲೇನ್ ಟೈಗರ್ ಅಲ್ಲ, ಅದರ ವೇಷ ಹಾಕಿರುವ ಡನೈಡ್ ಎಗ್‌ಫ್ಲೈ ಚಿಟ್ಟೆಯ ಹೆಣ್ಣು. ಎಕ್ಕೆಯ ವಿಷವನ್ನು ಮೈಗೂಡಿಸಿಕೊಂಡ ಪ್ಲೇನ್ ಟೈಗರನ್ನು ಹಕ್ಕಿಗಳು ಬಿಟ್ಟುಬಿಡುತ್ತವೆ, ಆ ರಕ್ಷಣೆಯ ಲಾಭ ವಿಷವಿಲ್ಲದ ಈ ಹೆಣ್ಣಿಗೂ ಸಿಗುತ್ತದೆ. ಹಿಂದಿನ ರೆಕ್ಕೆಯನ್ನು ಹಿಗ್ಗಿಸಿ ನೋಡಿ: ಪ್ಲೇನ್ ಟೈಗರಿಗೆ ನಡುವಿನಲ್ಲಿ ಮೂರೋ ನಾಲ್ಕೋ ಕಪ್ಪು ಚುಕ್ಕೆಗಳಿರುತ್ತವೆ, ನಿಮ್ಮದಕ್ಕೆ ಮೇಲಂಚಿನ ಹತ್ತಿರ ಒಂದೇ ಇದೆ. ಗೋಣಿಸೊಪ್ಪು ಅದರ ಮರಿಗಳ ಮೇವು, ಪಲ್ಯಕ್ಕೆ ಕೀಳುವಾಗ ಅಷ್ಟು ಜಾಗ ಬಿಡಿ. ಗಂಡಿನ ರೂಪವೇ ಬೇರೆ, ಕಪ್ಪು ರೆಕ್ಕೆಯ ಮೇಲೆ ನೇರಳೆ ಅಂಚಿನ ದೊಡ್ಡ ಬಿಳಿ ಮಚ್ಚೆಗಳಿರುತ್ತವೆ. ತನ್ನ ಜಾಗಕ್ಕೆ ಬಂದವರನ್ನು ಅಟ್ಟಿ, ಮತ್ತೆ ಅಲ್ಲಿಗೇ ಬಂದು ಕೂರುವ ಸ್ವಭಾವ ಅದಕ್ಕಿದೆ, ಆದ್ದರಿಂದ ಮೊದಲ ಸಲ ಹಾರಿಹೋದರೆ ಬೆನ್ನಟ್ಟದೆ ಅಲ್ಲೇ ಕಾಯಿರಿ.