ಹಿತ್ತಲ ಕೊಳಕ್ಕೆ ಯಾವ ಊರಿನ ಚಳಿಗಾಲ?

ಗುಂಪು: ಹೊಳೆಬದಿ ಮನೆಯವರು

ವಿನಯ ಹಂಚಿಕೊಂಡ ಫಾರ್ವರ್ಡ್: "ಹಿತ್ತಲ ಕೊಳದ ಮೀನು, ವರ್ಷವಿಡೀ ಆರೈಕೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮೀನಿಗೆ ಏನೂ ಹಾಕಬೇಡಿ. ಮೀನು ಜಾಸ್ತಿಯಾದರೆ ಹತ್ತಿರದ ಹೊಳೆಗೆ ಬಿಡಿ..."

ವಿನಯ: ರಘು ಚಿಕ್ಕಪ್ಪನ ಕೊಳಕ್ಕೆ ಉಪಯೋಗ ಆಗಬಹುದು ಅನ್ನಿಸಿತು.

ರಘು ಚಿಕ್ಕಪ್ಪ: ಓದಿದೆ. ಸಾಗರದಲ್ಲಿ ಈ ಸಲ ಚಳಿ ಜೋರು. ನಾಳೆಯಿಂದ ತೌಡು, ಹಿಂಡಿ ಎರಡೂ ಬಂದ್.

ಶಾಲಿನಿ: ಚಿಕ್ಕಪ್ಪ, ದಯವಿಟ್ಟು ನಿಲ್ಲಿಸಬೇಡಿ. ಇದು ಹಿಮ ಬೀಳುವ ಊರಿನವರಿಗೆ ಬರೆದದ್ದು. ನೀರು 10 ಡಿಗ್ರಿಗಿಂತ ಕೆಳಗೆ ಹೋದರೆ ಗೆಂಡೆ ಮೀನಿಗೆ ತಿಂದದ್ದು ಸರಿಯಾಗಿ ಅರಗುವುದಿಲ್ಲ. ಅದಕ್ಕೆ ಅಲ್ಲಿ ನಿಲ್ಲಿಸುತ್ತಾರೆ. ನಮ್ಮ ಹಿತ್ತಲಲ್ಲಿ ನೀರು ಅಷ್ಟು ತಣ್ಣಗಾಗುತ್ತದಾ?

ರಘು ಚಿಕ್ಕಪ್ಪ: ಬೆಳಿಗ್ಗೆ ಬಚ್ಚಲೊಲೆ ಬಿಟ್ಟು ಏಳಲು ಆಗುವುದಿಲ್ಲ ಇಲ್ಲಿ. ನೀನು ಮಂಗಳೂರಿನ ಸೆಕೆಯಲ್ಲಿ ಕೂತು ಹೇಳುತ್ತಿದ್ದೀಯ.

ಶಾಲಿನಿ: ಗಾಳಿ ತಣ್ಣಗಾದಷ್ಟು ಬೇಗ ಕೊಳದ ನೀರು ತಣ್ಣಗಾಗುವುದಿಲ್ಲ. ನಾನು ಮೀನುಗಾರಿಕಾ ಕಾಲೇಜಿನಲ್ಲಿ ಓದಿದ್ದೇ ಇದನ್ನು. ಥರ್ಮಾಮೀಟರ್‌ಗೆ ದಾರ ಕಟ್ಟಿ ಒಂದಡಿ ಕೆಳಗೆ ಬಿಟ್ಟು ನೋಡಿ.

ಪ್ರತಿಮಾ: ಅಮೆರಿಕದ ಮಿನ್ನೆಸೋಟಾದಿಂದ ನಾನೂ ಹೇಳುತ್ತೇನೆ. ಇದು ನಮ್ಮ ಊರಿಗೆ ಸರಿಯಾದ ಮಾತು. ನಮ್ಮ ಕೊಳದ ಮೇಲೆ ಈಗ ಮಂಜುಗಡ್ಡೆ. 4 ಡಿಗ್ರಿಯ ನೀರು ಎಲ್ಲಕ್ಕಿಂತ ಭಾರ, ಅದು ತಳದಲ್ಲಿ ನಿಲ್ಲುತ್ತದೆ. ಕೋಯಿ (ಬಣ್ಣದ ಗೆಂಡೆ) ಮೀನುಗಳು ಅಲ್ಲೇ ಅಲ್ಲಾಡದೆ ಇರುತ್ತವೆ. ಗಡ್ಡೆ ಪೂರ್ತಿ ಮುಚ್ಚದ ಹಾಗೆ ಏರ್ ಪಂಪ್ ಹಾಕಿ ಒಂದು ಕಡೆ ಬಾಯಿ ತೆರೆದಿಡುತ್ತೇನೆ. ಊಟ ಏಪ್ರಿಲ್‌ವರೆಗೆ ಇಲ್ಲ.

ವಿನಯ: ಹಾಗಾದರೆ ಇದರಲ್ಲಿ ತಪ್ಪೇನಿದೆ ಅಕ್ಕ? ಮೀನು ಐದು ತಿಂಗಳು ಉಪವಾಸ ಇದ್ದರೆ ಸಾಯುವುದಿಲ್ಲ ಅಲ್ವಾ?

ಶಾಲಿನಿ: ಅಲ್ಲಿ ಸಾಯುವುದಿಲ್ಲ, ಮೈಯೆಲ್ಲ ನಿಧಾನವಾಗಿರುತ್ತದೆ. ನಮ್ಮಲ್ಲಿ ಮೀನು ಓಡಾಡಿಕೊಂಡೇ ಇರುತ್ತದೆ. ಕೊಳದಲ್ಲಿ ಸಿಗುವ ಹುಳ, ಪಾಚಿಯಿಂದ ಬದುಕಬಹುದು, ಆದರೆ ಬಡಕಲಾಗುತ್ತದೆ. ಆಮೇಲೆ ಬೇಸಿಗೆಗೆ ತಡೆಯುವ ಶಕ್ತಿ ಇರುವುದಿಲ್ಲ. ನಮಗೆ ಕಷ್ಟದ ಕಾಲ ಬೇಸಿಗೆ. ಈ ಫಾರ್ವರ್ಡ್‌ನಲ್ಲಿ ಅದಕ್ಕೆ ಒಂದೇ ಸಾಲು!

ಶಾಲಿನಿ: 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ. 30 ಡಿಗ್ರಿಗೆ ಬಂದರೆ ಏಳೂವರೆ ಅಷ್ಟೆ. ರಾತ್ರಿ ಪಾಚಿಯೂ ಉಸಿರಾಡುತ್ತದೆ, ಹಾಗಾಗಿ ಬೆಳಗಿನ ಜಾವ ಇನ್ನೂ ಕಡಿಮೆ. ಹಗಲಿಡೀ ಮೋಡ ಮುಚ್ಚಿದ್ದರೆ ಪಾಚಿ ಅದನ್ನು ತುಂಬಿಕೊಡುವುದೂ ಇಲ್ಲ. ಮೇ ತಿಂಗಳಲ್ಲಿ ಮೀನು ಮೇಲೆ ಬಂದು ಬಾಯಿ ಬಡಿಯುವುದು ಅದಕ್ಕೇ. ನಮ್ಮಲ್ಲಿ ತೌಡು ನಿಲ್ಲಿಸಬೇಕಾದದ್ದು ಆ ದಿನ. ಪಂಪ್ ಹಾಕಿ ಅದೇ ನೀರನ್ನು ಮೇಲಿಂದ ಕೊಳಕ್ಕೇ ಬೀಳಿಸಬೇಕು.

ರಘು ಚಿಕ್ಕಪ್ಪ: ಥರ್ಮಾಮೀಟರ್ ಬಿಟ್ಟು ನೋಡಿದೆ. 20 ತೋರಿಸುತ್ತಿದೆ. ಸರಿ, ತೌಡು ನಿಲ್ಲಿಸುವುದಿಲ್ಲ. ಆದರೆ ಹೋದ ಆಗಸ್ಟ್‌ನಲ್ಲಿ ಅಷ್ಟೊಂದು ಮೀನು ಸತ್ತವಲ್ಲ, ಆಗ ಸೆಕೆಯೂ ಇರಲಿಲ್ಲ. ಅದಕ್ಕೇನು ಹೇಳುತ್ತೀಯ?

ಶಾಲಿನಿ: ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸಿದ ವಾರ ಅಲ್ವಾ ಅದು? ಡ್ರಮ್ ಎಲ್ಲಿ ತೊಳೆದರು?

ರಘು ಚಿಕ್ಕಪ್ಪ: ಕೊಳದ ಕಟ್ಟೆ ಮೇಲೆ. ನೀರು ಇರುವುದು ಅಲ್ಲಿ, ಇನ್ನೆಲ್ಲಿ ತೊಳೆಯಬೇಕು?

ಶಾಲಿನಿ: ಆ ಔಷಧಿ ಬೋರ್ಡೋ ದ್ರಾವಣ. 100 ಲೀಟರ್‌ಗೆ 1 ಕೆಜಿ ಮೈಲುತುತ್ತ ಹಾಕುತ್ತೀರಿ. ಅದು ತಾಮ್ರ. ಮೀನಿನ ಕಿವಿರಿಗೆ ವಿಷ. ಮಲೆನಾಡಿನ ನೀರು ಮೆದು, ಸುಣ್ಣದ ಅಂಶ ಕಡಿಮೆ. ಅಂಥ ನೀರಿನಲ್ಲಿ ತಾಮ್ರದ ವಿಷ ಇನ್ನೂ ಬೇಗ ಏರುತ್ತದೆ. ಡ್ರಮ್ಮಿನ ತಳದಲ್ಲಿ ನೀಲಿ ಗಸಿ ಉಳಿದಿರುತ್ತದಲ್ಲ, ಚಿಕ್ಕ ಕೊಳಕ್ಕೆ ಅಷ್ಟು ಸಾಕು.

ರಘು ಚಿಕ್ಕಪ್ಪ: ಕೊಳೆ ಔಷಧಿ ಹೊಡೆಯದಿದ್ದರೆ ಅಡಿಕೆ ಪೂರ್ತಿ ಉದುರುತ್ತದೆ. ಮೀನಿಗಾಗಿ ತೋಟ ಬಿಡಲು ಆಗುವುದಿಲ್ಲ.

ಶಾಲಿನಿ: ತೋಟ ಬಿಡಿ ಅಂತ ಯಾರು ಹೇಳಿದರು? ನೀರನ್ನು ಕೊಡದಲ್ಲಿ ಹೊತ್ತು ಕೊಳಕ್ಕಿಂತ ಕೆಳಗಿನ ಕಡೆಗೆ ಹೋಗಿ ಡ್ರಮ್ ತೊಳೆಯಲಿ. ಕೊಳದ ಪಕ್ಕದ ಮರಗಳಿಗೆ ಹೊಡೆಯುವಾಗ ಮೇಲೆ ತಾಡಪಾಲು ಎಳೆಯಿರಿ. ತೋಟದಿಂದ ಇಳಿಯುವ ಮಳೆನೀರಿಗೆ ಪಕ್ಕದಲ್ಲಿ ಒಂದು ಕಾಲುವೆ ತೆಗೆಸಿ, ಕೊಳಕ್ಕೆ ನುಗ್ಗುವುದು ತಪ್ಪುತ್ತದೆ.

ದೊಡ್ಡಮ್ಮ: ನಾನು ಆಗಲೇ ಹೇಳಿದ್ದೆ ರಘು, ನೀರು ನೀಲಿಯಾಗಿದೆ ಅಂತ.

ರಘು ಚಿಕ್ಕಪ್ಪ: ಅತ್ತಿಗೆ, ನೀವು ಹೇಳಿದ್ದು ದನದ ಬಾನಿ ವಿಷಯ.

ದೊಡ್ಡಮ್ಮ: ಎರಡಕ್ಕೂ ಹೇಳಿದ್ದೆ.

ವಿನಯ: ಜಾಸ್ತಿಯಾದ ಮೀನನ್ನು ಹೊಳೆಗೆ ಬಿಡುವುದು? ಅದಾದರೂ ಸರಿ ಇದೆಯಾ?

ಶಾಲಿನಿ: ಅದೇ ಎಲ್ಲಕ್ಕಿಂತ ಕೆಟ್ಟ ಸಾಲು. ಸೊಳ್ಳೆ ಮರಿ ತಿನ್ನಲಿ ಅಂತ ಕೊಳಕ್ಕೆ ತಂದು ಬಿಡುವ ಗಂಬೂಸಿಯಾ ಮೀನು ಅಮೆರಿಕದ್ದು. ಬೇರೆ ಮೀನಿನ ಮೊಟ್ಟೆ, ಮರಿ, ಗೊದಮೊಟ್ಟೆ ಎಲ್ಲ ತಿನ್ನುತ್ತದೆ. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬೇರೆಲ್ಲೂ ಇಲ್ಲದ ಮೀನುಗಳಿವೆ. ಅವುಗಳ ನಡುವೆ ಇದನ್ನು ಬಿಡುವುದಾ?

ಪ್ರತಿಮಾ: 2021ರಲ್ಲಿ ಇಲ್ಲೇ ಬರ್ನ್ಸ್‌ವಿಲ್ ಊರಿನ ಕೆರೆಯಲ್ಲಿ ಫುಟ್‌ಬಾಲ್‌ನಷ್ಟು ದಪ್ಪದ ಗೋಲ್ಡ್‌ಫಿಶ್ ಸಿಕ್ಕವು. ಮನೆಯಲ್ಲಿ ಸಾಕಿದ್ದನ್ನು ಕೆರೆಗೆ ಬಿಡಬೇಡಿ ಅಂತ ನಗರಸಭೆಯವರೇ ಜನರನ್ನು ಕೇಳಿಕೊಂಡರು. ಅವು ತಳದ ಕೆಸರು ಕೆದಕಿ ನೀರು ಕೆಡಿಸುತ್ತವೆ.

ವಿನಯ: ಅಯ್ಯೋ, ಇದನ್ನು ನಮ್ಮ ಹೈಸ್ಕೂಲ್ ಗುಂಪಿಗೂ ಕಳಿಸಿಬಿಟ್ಟಿದ್ದೇನೆ.

ಶಾಲಿನಿ: ಅಲ್ಲಿಂದ ಅಳಿಸು, ಈಗಲೇ. ಅಲ್ಲಿರುವ ಅರ್ಧ ಜನರ ತೋಟದಲ್ಲಿ ಕೊಳ ಇದೆ.

ರಘು ಚಿಕ್ಕಪ್ಪ: ತೌಡು ಬೆಳಿಗ್ಗೆ ಹಾಕಲಾ?

ಶಾಲಿನಿ: ಬೇಡ, ಬಿಸಿಲು ಏರಿ ನೀರು ಸ್ವಲ್ಪ ಬೆಚ್ಚಗಾದ ಮೇಲೆ ಹಾಕಿ. ಬೇಸಿಗೆಗಿಂತ ಕಡಿಮೆ ಸಾಕು. ಬುಟ್ಟಿಯಲ್ಲಿಟ್ಟು ಇಳಿಸಿ. ಸಂಜೆ ಎತ್ತಿ ನೋಡಿದಾಗ ಉಳಿದಿದ್ದರೆ ಮರುದಿನ ಅಷ್ಟು ಕಡಿಮೆ ಮಾಡಿ.

ರಘು ಚಿಕ್ಕಪ್ಪ: ಆಯ್ತು. ಡ್ರಮ್ ವಿಷಯ ಆಮೇಲೆ ಮಾತಾಡೋಣ.

ಶಾಲಿನಿ: ಮಳೆಗಾಲಕ್ಕೆ ಮೊದಲೇ ಮಾತಾಡಬೇಕು ಚಿಕ್ಕಪ್ಪ. ಸಂಕ್ರಾಂತಿಗೆ ಬರುತ್ತೇನೆ, ಕಾಲುವೆ ಎಲ್ಲಿ ತೆಗೆಯುವುದು ಅಂತ ಇಬ್ಬರೂ ಸೇರಿ ನೋಡೋಣ.