ಬೇರೆಯವರ ದುಡ್ಡು, ನಮ್ಮ ನಿದ್ದೆ

"ಹನ್ನೆರಡು ಬಿಲಿಯನ್ ಡಾಲರ್ ಇತ್ತಂತೆ ಅವನ ಹತ್ತಿರ. ಎಲ್ಲರಿಗೂ ವಾಪಸ್ ಕೊಟ್ಟು ಬಾಗಿಲು ಹಾಕಿದನಂತೆ. ತಲೆ ನೆಟ್ಟಗಿತ್ತಾ ಅವನಿಗೆ?"

ರಾಯರು ಹೀಗೆ ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದು ಮ್ಯಾನೇಜರ್ ಆಗಿ ನಿವೃತ್ತರಾದವರು. ಅವರಿಗೆ ಡೆಪಾಸಿಟ್ ಬಂದರೆ ಹಬ್ಬ, ವಾಪಸ್ ಹೋದರೆ ಸೂತಕ.

"ಎಲ್ಲಾ ಬೇರೆಯವರದ್ದಲ್ಲ ರಾಯರೇ, ಅದರಲ್ಲಿ ಅವನದ್ದೂ ಇತ್ತು" ಎಂದ ಮೂರ್ತಿ. "2010ನೇ ಇಸವಿ. ಅಮೆರಿಕದಲ್ಲಿ ಡ್ಯುಕೇನ್ ಕ್ಯಾಪಿಟಲ್ ಅಂತ ಹೆಡ್ಜ್ ಫಂಡ್, ಅಂದರೆ ದುಡ್ಡಿದ್ದವರ ದುಡ್ಡು ತಗೊಂಡು ಪೇಟೆಯಲ್ಲಿ ಹಾಕಿ ಬೆಳೆಸುವ ಸಂಸ್ಥೆ. ನಡೆಸುತ್ತಿದ್ದವನು ಸ್ಟ್ಯಾನ್ಲಿ ಡ್ರಕೆನ್‌ಮಿಲ್ಲರ್."

ಮೇಷ್ಟ್ರ ಮನೆ ಜಗಲಿಯಲ್ಲಿ ಭಾನುವಾರ ಸಂಜೆ ಮೂರು ಜನ ಸೇರುತ್ತೇವೆ. ನನ್ನನ್ನೂ ಸೇರಿಸಿದರೆ ನಾಲ್ಕು. ಆದರೆ ನಾನು ಚಕ್ಕುಲಿ ತಿನ್ನಲು ಹೋಗುವವನು, ಲೆಕ್ಕಕ್ಕಿಲ್ಲ. ಶೇರು ಪೇಟೆ ಮೂರ್ತಿಯ ವಿಷಯ. ಅಂದು ಬಾಯಿ ತೆಗೆದವನು ಮುಚ್ಚಲಿಲ್ಲ.

"ಓದಿದ್ದೆಷ್ಟು?" ಇದು ಮೇಷ್ಟ್ರ ಮೊದಲ ಪ್ರಶ್ನೆ. ಯಾರ ಬಗ್ಗೆ ಮಾತಾಡಿದರೂ ಇದೇ.

"ಬೋಡಿನ್ ಕಾಲೇಜು, ಮೇನ್ ರಾಜ್ಯ. ಅಲ್ಲಿದ್ದಾಗ ಗೆಳೆಯನ ಜೊತೆ ಸೇರಿ ಹಾಟ್ ಡಾಗ್ ಅಂಗಡಿ ಇಟ್ಟಿದ್ದ. ಆ ಗೆಳೆಯ ಲಾರೆನ್ಸ್ ಲಿಂಡ್ಸೆ ಮುಂದೆ ಜಾರ್ಜ್ ಬುಷ್‌ಗೆ, ಅಂದರೆ ಮಗ ಬುಷ್‌ಗೆ, ಆರ್ಥಿಕ ಸಲಹೆಗಾರನಾದ. ಇವನು ಮಿಶಿಗನ್‌ನಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ.ಗೆ ಸೇರಿ ಅರ್ಧಕ್ಕೇ ಬಿಟ್ಟ."

"ಬಿಟ್ಟವನು ಬಿಲಿಯನೇರ್ ಆದ. ನಾನು ಮುಗಿಸಿದೆ. ಪೆನ್ಶನ್ ಬರುತ್ತಿದೆ" ಎಂದರು ಮೇಷ್ಟ್ರು.

1977ರಲ್ಲಿ ಅವನು ಸೇರಿದ್ದು ಪಿಟ್ಸ್‌ಬರ್ಗ್ ನ್ಯಾಷನಲ್ ಬ್ಯಾಂಕಿಗೆ. ಸ್ವಲ್ಪ ದಿನಕ್ಕೇ, ಇನ್ನೂ ಇಪ್ಪತ್ತೈದರ ಆಸುಪಾಸಿನ ಹುಡುಗ, ಶೇರು ಸಂಶೋಧನಾ ವಿಭಾಗಕ್ಕೆ ಅವನನ್ನೇ ಮುಖ್ಯಸ್ಥ ಮಾಡಿದರು. ಅನುಭವಸ್ಥರೆಲ್ಲ ಅವನ ಕೆಳಗೆ. ಯಾಕೆ ನನ್ನನ್ನು ಮಾಡಿದಿರಿ ಎಂದು ಕೇಳಿದರೆ, ಹದಿನೆಂಟು ವರ್ಷದವರನ್ನು ಯುದ್ಧಕ್ಕೆ ಯಾಕೆ ಕಳಿಸುತ್ತಾರೋ ಅದಕ್ಕೇ ಅಂದನಂತೆ ಬಾಸು. ಹಳಬರಿಗೆ ಹೆದರಿಕೆ ಗೊತ್ತು, ನಿನಗಿನ್ನೂ ಗೊತ್ತಿಲ್ಲ, ಮುನ್ನುಗ್ಗು ಅಂತ.

ರಾಯರು ಕಾಫಿ ಲೋಟ ಕೆಳಗಿಟ್ಟರು. "ಸೀನಿಯಾರಿಟಿ ಲಿಸ್ಟ್ ಇರಲಿಲ್ಲವಾ ಅಲ್ಲಿ? ನಮ್ಮಲ್ಲಾಗಿದ್ದರೆ ಮಾರನೇ ದಿನವೇ ಗೇಟಿನ ಹತ್ತಿರ ಶಾಮಿಯಾನ ಹಾಕಿ ಧಿಕ್ಕಾರ ಕೂಗುತ್ತಿದ್ದರು!"

1981ರಲ್ಲಿ ಸ್ವಂತ ಫಂಡು. ಹೆಡ್ಜ್ ಫಂಡಿನವರ ಹಳೇ ಪದ್ಧತಿ ಕೇಳಿ ರಾಯರ ಕಣ್ಣು ಅರಳಿತು: ವರ್ಷಕ್ಕೆ ಇಟ್ಟ ದುಡ್ಡಿನ ಶೇಕಡಾ 2 ನಿರ್ವಹಣೆಗೆ, ಲಾಭ ಬಂದರೆ ಅದರಲ್ಲಿ ಶೇಕಡಾ 20 ಬಹುಮಾನ. ನಷ್ಟವಾದರೆ ಮ್ಯಾನೇಜರ್ ಪಾಲೆಷ್ಟು ಎಂದು ಮೇಷ್ಟ್ರು ಕೇಳಿದರು. ಮೂರ್ತಿ ಚಕ್ಕುಲಿ ತಟ್ಟೆಯ ಕಡೆ ನೋಡಿದ.

1988ರಲ್ಲಿ ಪೇಟೆಯ ದೊಡ್ಡ ಕುಳ ಜಾರ್ಜ್ ಸೊರೋಸ್ ಇವನನ್ನು ಕರೆದು ತನ್ನ ಕ್ವಾಂಟಮ್ ಫಂಡು ನೋಡಿಕೋ ಎಂದ. ಡ್ಯುಕೇನ್ ಜೊತೆಗೆ ಅದನ್ನೂ ಹೊತ್ತುಕೊಂಡ. ಆಮೇಲೆ ಬಂದಿದ್ದು 1992ರ ಪೌಂಡ್ ಕಥೆ. ಇಲ್ಲಿ ಮೂರ್ತಿ ಎದ್ದು ನಿಂತೇ ಹೇಳಿದ.

ಬ್ರಿಟನ್ ತನ್ನ ಪೌಂಡನ್ನು ಯುರೋಪಿನ ಬೇರೆ ಹಣಗಳ ಜೊತೆ ಕಟ್ಟಿಹಾಕಿಕೊಂಡಿತ್ತು. ಪೌಂಡಿಗೆ 2.778 ಜರ್ಮನ್ ಮಾರ್ಕು, ಅದಕ್ಕಿಂತ ಕೆಳಗೆ ಇಳಿಯಲು ಬಿಡಬಾರದು. ಜರ್ಮನಿಯಲ್ಲಿ ಬಡ್ಡಿ ಜಾಸ್ತಿ, ಬ್ರಿಟನ್ನಿನಲ್ಲಿ ವ್ಯಾಪಾರ ಡಲ್ಲು. ಈ ಬೆಲೆ ನಿಲ್ಲುವುದಿಲ್ಲ ಎಂದು ಲೆಕ್ಕ ಹಾಕಿದವನು ಸ್ಟ್ಯಾನ್ಲಿ. ಪೌಂಡು ಸಾಲ ತಂದು ಮಾರುವುದು, ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ಸಾಲ ತೀರಿಸುವುದು. ಲೆಕ್ಕವನ್ನು ಸೊರೋಸ್‌ಗೆ ಒಪ್ಪಿಸಿದರೆ ಅವನು ಬೈದನಂತೆ. ಇಷ್ಟು ಗ್ಯಾರಂಟಿ ಇದ್ದ ಮೇಲೆ ಇಷ್ಟೇನಾ ಹಾಕೋದು, ಇನ್ನೂ ಹಾಕು ಅಂತ.

ಸೆಪ್ಟೆಂಬರ್ 16, ಬುಧವಾರ. ಬೆಳಗ್ಗೆ ಬ್ರಿಟನ್ನಿನ ಬಡ್ಡಿ ದರ ಶೇಕಡಾ 10. ಪೌಂಡನ್ನು ಎತ್ತಿ ಹಿಡಿಯಲು ಹನ್ನೊಂದಕ್ಕೆ 12 ಎಂದರು. ಪೌಂಡು ಮೇಲೇಳಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ, ನಾಳೆಯಿಂದ 15 ಎಂದರು. ಆಗಲೂ ಇಲ್ಲ. ಸಂಜೆ ಹಣಕಾಸು ಮಂತ್ರಿ ನಾರ್ಮನ್ ಲಾಮಂಟ್ ಹೊರಗೆ ಬಂದು, ನಾವು ಆ ವ್ಯವಸ್ಥೆಯಿಂದಲೇ ಆಚೆ ಎಂದುಬಿಟ್ಟ.

"ಒಂದೇ ದಿನದಲ್ಲಿ ಎರಡು ಸರ್ಕ್ಯುಲರ್!" ರಾಯರಿಗೆ ಸಂಕಟ. "ಬ್ರಾಂಚಿನವರ ಗತಿ ಏನು? ಬೋರ್ಡಿನಲ್ಲಿ ದರ ಬರೆಯೋ ಹುಡುಗ ಏನು ಮಾಡಿರಬೇಕು?"

"ಕ್ವಾಂಟಮ್‌ಗೆ ಸುಮಾರು ಒಂದು ಬಿಲಿಯನ್ ಡಾಲರ್ ಲಾಭ ಬಂತು ರಾಯರೇ."

"ಅದಿರಲಿ, ಆ ಹುಡುಗ?"

ಮೂರ್ತಿಗೆ ಉತ್ತರ ಗೊತ್ತಿರಲಿಲ್ಲ. ಸೊರೋಸ್‌ಗೆ ಹೆಸರು ಬಂತು, ಲೆಕ್ಕ ಹಾಕಿದವನ ಹೆಸರು ಪೇಟೆಯವರಿಗೆ ಮಾತ್ರ ಗೊತ್ತು ಎಂದು ಮೇಷ್ಟ್ರು ಗೊಣಗಿದರು. ಯಾವುದೋ ಹಳೇ ಸಂಶೋಧನಾ ಲೇಖನದ ನೋವಿರಬೇಕು.

ನನಗೆ ಇಷ್ಟವಾದದ್ದು ಮಾತ್ರ ಮುಂದಿನ ಕಥೆ. 2000ನೇ ಇಸವಿ, ಇಂಟರ್ನೆಟ್ ಕಂಪನಿಗಳ ಶೇರು ಆಕಾಶದಲ್ಲಿ. ಇದೆಲ್ಲ ಸುಳ್ಳು ಬೆಲೆ ಎಂದು ಸ್ಟ್ಯಾನ್ಲಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವನೇ ಕೆಲಸಕ್ಕಿಟ್ಟುಕೊಂಡಿದ್ದ ಇಬ್ಬರು ಹುಡುಗರು ಪಕ್ಕದಲ್ಲೇ ಕೂತು ದಿನಾ ಬಾಚುತ್ತಿದ್ದರು. ನೋಡಿ ನೋಡಿ ತಡೆಯಲಾಗಲಿಲ್ಲ. ಆರು ಬಿಲಿಯನ್ ಡಾಲರ್ ಶೇರು ಕೊಂಡ. ಆರು ವಾರದಲ್ಲಿ ಮೂರು ಬಿಲಿಯನ್ ಹೋಯಿತು. ಸೊರೋಸ್ ಜೊತೆಗಿನ ಕೆಲಸವೂ ಅಲ್ಲಿಗೆ ಮುಗಿಯಿತು. ಇದರಿಂದ ಏನು ಕಲಿತಿರಿ ಎಂದು ವರ್ಷಗಳ ನಂತರ ಕೇಳಿದರೆ, ಏನೂ ಕಲಿಯಲಿಲ್ಲ, ಹಾಗೆ ಮಾಡಬಾರದು ಅಂತ ಮೊದಲೇ ಗೊತ್ತಿತ್ತಲ್ಲ ಅಂದ.

"ಇವನೊಬ್ಬ ಪ್ರಾಮಾಣಿಕ ವಿದ್ಯಾರ್ಥಿ" ಎಂದರು ಮೇಷ್ಟ್ರು. ಅವರ ಬಾಯಿಂದ ಅಂತಹ ಸರ್ಟಿಫಿಕೇಟ್ ಹೊರಡುವುದು ಅಪರೂಪ.

"ಹೋಗಲಿ, ಫಂಡು ಯಾಕೆ ಮುಚ್ಚಿದ ಹೇಳಯ್ಯ" ರಾಯರು ಬಿಡಲಿಲ್ಲ.

ಮೂವತ್ತು ವರ್ಷದಲ್ಲಿ ಒಂದು ವರ್ಷವೂ ನಷ್ಟವಿಲ್ಲ. ಸರಾಸರಿ ವರ್ಷಕ್ಕೆ ಶೇಕಡಾ 30ರ ಹತ್ತಿರ ಲಾಭ. 2010ರ ಆಗಸ್ಟಿನಲ್ಲಿ ಸುಮಾರು ಶೇಕಡಾ 5 ಕೆಳಗಿದ್ದ, ಅಷ್ಟೇ. ಆದರೆ ಹೂಡಿಕೆದಾರರಿಗೆ ಕಾಗದ ಬರೆದ. ಇಷ್ಟು ದೊಡ್ಡ ಮೊತ್ತಕ್ಕೆ ನಾನಂದುಕೊಂಡಷ್ಟು ಲಾಭ ತರಲಾಗುತ್ತಿಲ್ಲ, ಅದು ಮನಸ್ಸನ್ನು ಹಿಂಡುತ್ತಿದೆ, ನಿಮ್ಮ ದುಡ್ಡು ತಗೊಳ್ಳಿ ಎಂದು. ಆಮೇಲೆ ಸ್ವಂತ ದುಡ್ಡು ನೋಡಿಕೊಳ್ಳಲು ಡ್ಯುಕೇನ್ ಫ್ಯಾಮಿಲಿ ಆಫೀಸ್ ಮಾಡಿಕೊಂಡ.

"ಮನಸ್ಸೂ ಇಲ್ಲ ಮಣ್ಣೂ ಇಲ್ಲ. ಏನೋ ಹೊಸ ಕಾನೂನು ಬಂದಿರಬೇಕು" ಎಂದರು ರಾಯರು.

ಅದೂ ಪೂರ್ತಿ ತಪ್ಪಲ್ಲ. ಅದೇ ವರ್ಷ ಅಮೆರಿಕದಲ್ಲಿ ಡಾಡ್-ಫ್ರಾಂಕ್ ಕಾಯ್ದೆ ಬಂತು. ದೊಡ್ಡ ಹೆಡ್ಜ್ ಫಂಡುಗಳು ಸರ್ಕಾರದ ಹತ್ತಿರ ನೋಂದಣಿ ಮಾಡಿಸಬೇಕು, ಮನೆಯವರ ದುಡ್ಡು ಮಾತ್ರ ನೋಡಿಕೊಳ್ಳುವ ಫ್ಯಾಮಿಲಿ ಆಫೀಸಿಗೆ ವಿನಾಯಿತಿ. ಮಾರನೇ ವರ್ಷ ಸೊರೋಸ್ ಕೂಡ ಹೊರಗಿನವರ ದುಡ್ಡು ವಾಪಸ್ ಕೊಟ್ಟಾಗ ಈ ಕಾರಣವನ್ನೇ ಹೇಳಿದ. ಸ್ಟ್ಯಾನ್ಲಿ ಮಾತ್ರ ಮನಸ್ಸಿನ ವಿಷಯ ಹೇಳಿದ್ದ. ನನಗೆ ಅವನ ಮಾತು ನಂಬಬೇಕು ಅನಿಸುತ್ತದೆ. ಮೂರ್ತಿಯನ್ನು ಹತ್ತಿರದಿಂದ ನೋಡಿದ್ದೇನಲ್ಲ.

ಮೂರ್ತಿಯ ಕೈಯಲ್ಲಿ ಅವನ ಷಡ್ಡಕರ ನಾಲ್ಕು ಲಕ್ಷ ಇದೆ. ಹೆಂಡತಿಯ ಅಕ್ಕನ ಗಂಡ. ನೀನು ಬುದ್ಧಿವಂತ, ಎಲ್ಲಾದರೂ ಹಾಕಿ ಬೆಳೆಸು ಅಂತ ಕೊಟ್ಟಿದ್ದರು. ಅವತ್ತಿನಿಂದ ಬೆಳಗ್ಗೆ ಒಂಬತ್ತೂ ಕಾಲಿಗೆ ಪೇಟೆ ತೆರೆದರೆ ಒಂಬತ್ತೂ ಇಪ್ಪತ್ತಕ್ಕೆ ಫೋನು. ಮೂರೂವರೆಗೆ ಮುಚ್ಚಿದರೆ ಮೂರೂ ಮೂವತ್ತೈದಕ್ಕೆ ಇನ್ನೊಂದು. ಸತ್ಯನಾರಾಯಣ ಪೂಜೆಯಲ್ಲಿ ಮಂಗಳಾರತಿ ತಟ್ಟೆ ಹಿಡಿದು ಬಂದವರು, "ಇವತ್ತು ಕೆಂಪಾ, ಹಸಿರಾ?" ಎಂದು ಕಿವಿಯಲ್ಲಿ ಕೇಳಿದ್ದನ್ನು ನಾನೇ ನೋಡಿದ್ದೇನೆ. ಸ್ವಂತ ದುಡ್ಡು ಬಿದ್ದಾಗ ಮೂರ್ತಿ ಸುಮ್ನೆ ಮಲಗುತ್ತಾನೆ. ಷಡ್ಡಕರದ್ದು ಬಿದ್ದರೆ ತಾರಸಿಯ ಮೇಲೆ ಓಡಾಡುತ್ತಾನೆ.

"ನೀನೂ ಕಾಗದ ಬರೆದು ಕೊಟ್ಟುಬಿಡು" ಎಂದರು ಮೇಷ್ಟ್ರು.

"ಬರೆದರೆ ಮೊದಲು ಓದುವವಳು ನನ್ನ ಹೆಂಡತಿ."

"ಇಲ್ಲವೇ ಸರಿಯಾಗಿ ಫಂಡು ಅಂತಲೇ ಮಾಡಿ ಆ ಶೇಕಡಾ 2, ಶೇಕಡಾ 20 ತಗೋ."

ಅದೂ ಆಗದು. ನಮ್ಮಲ್ಲಿ ಹೆಡ್ಜ್ ಫಂಡ್ ತರಹದ್ದಕ್ಕೆ, ಶೇರು ಪೇಟೆಯ ಮೇಲೆ ಕಣ್ಣಿಡುವ ಸೆಬಿ, ಮೂರನೇ ವರ್ಗದ ಫಂಡು ಎಂದು ಮಾಡಿದೆ. ಅದರಲ್ಲಿ ಒಬ್ಬ ಹೂಡಿಕೆದಾರ ಸಾಮಾನ್ಯವಾಗಿ ಕನಿಷ್ಠ 1 ಕೋಟಿ ಹಾಕಬೇಕು. ಷಡ್ಡಕರಿಗೆ ತೊಂಬತ್ತಾರು ಲಕ್ಷ ಕಡಿಮೆ ಬೀಳುತ್ತದೆ ಎಂದು ರಾಯರು ಬಾಯಲ್ಲೇ ಲೆಕ್ಕ ಹಾಕಿ ಹೇಳಿದರು.

"ಸ್ಟ್ಯಾನ್ಲಿ ಪುಣ್ಯವಂತ" ಮೂರ್ತಿ ನಿಟ್ಟುಸಿರು ಬಿಟ್ಟ. "2022ರಲ್ಲಿ ಎನ್ವಿಡಿಯಾ ಅನ್ನೋ ಚಿಪ್ ಕಂಪನಿಯ ಶೇರು ಕೊಂಡ. 150 ಡಾಲರಿನಿಂದ 900ಕ್ಕೆ ಹೋಯಿತು, 2024ರಲ್ಲಿ ಹೆಚ್ಚುಕಡಿಮೆ ಎಲ್ಲ ಮಾರಿದ. ಅದು ಇನ್ನೂ ಏರಿತು. ಬೇಗ ಮಾರಿ ತಪ್ಪು ಮಾಡಿದೆ ಅಂತ ಟೀವಿಯಲ್ಲೇ ಹೇಳಿದ. ಅವನನ್ನು ಕೇಳುವವರು ಯಾರಿದ್ದಾರೆ ಹೇಳಿ?"

ಇದ್ದಾರೆ. ಸ್ವಂತ ದುಡ್ಡೇ ಆದರೂ ಅಷ್ಟು ದೊಡ್ಡ ಮೊತ್ತವಾದರೆ, ಅಮೆರಿಕದ ಯಾವ ಶೇರು ಎಷ್ಟಿದೆ ಎಂದು ಮೂರು ತಿಂಗಳಿಗೊಮ್ಮೆ ಅಲ್ಲಿನ ಷೇರು ಆಯೋಗಕ್ಕೆ ಪಟ್ಟಿ ಕೊಡಬೇಕು. ಅವಧಿ ಮುಗಿದ 45 ದಿನದೊಳಗೆ. ಪಟ್ಟಿ ಎಲ್ಲರಿಗೂ ತೆರೆದಿರುತ್ತದೆ. ಅವನು ಏನು ಕೊಂಡ, ಏನು ಮಾರಿದ ಅಂತ ಪ್ರಪಂಚವೆಲ್ಲ ಕಾದು ಕೂತಿರುತ್ತದೆ. ಇದನ್ನು ಮೂರ್ತಿಯೇ ಹಿಂದೊಮ್ಮೆ ನಮಗೆ ಹೇಳಿದ್ದ. ಈಗ ಮರೆತಂತೆ ನಟಿಸುತ್ತಿದ್ದ.

ಅಷ್ಟರಲ್ಲಿ ಫೋನು ಬಂತು. ಭಾನುವಾರ, ಪೇಟೆಗೆ ರಜ. ಷಡ್ಡಕರಿಗಿಲ್ಲ. ಮೇಷ್ಟ್ರು ಸನ್ನೆ ಮಾಡಿದರು, ಹೇಳಿಬಿಡು ಅಂತ. ಮೂರ್ತಿ ಗಂಟಲು ಸರಿಮಾಡಿಕೊಂಡ.

"ಭಾವ, ಅಮೆರಿಕದಲ್ಲಿ ಸ್ಟ್ಯಾನ್ಲಿ ಅಂತ ಒಬ್ಬ ಇದ್ದಾನೆ. ದೊಡ್ಡ ಮನುಷ್ಯ. ಅವನು ಏನು ಮಾಡಿದ ಅಂದರೆ, ಎಲ್ಲರ ದುಡ್ಡೂ ಮರ್ಯಾದೆಯಾಗಿ ವಾಪಸ್ ಕೊಟ್ಟು, ಆಮೇಲೆ ತನ್ನದು ಮಾತ್ರ..."

ಆ ಕಡೆಯಿಂದ ಏನೋ ಕೇಳಿದರು. ಮೂರ್ತಿ ಫೋನಿಗೆ ಕೈ ಅಡ್ಡ ಹಿಡಿದು ನಮ್ಮತ್ತ ತಿರುಗಿದ.

"ಈಗ ಅವನು ಯಾವ ಶೇರು ತಗೊಂಡಿದ್ದಾನೆ, ನಾಲ್ಕು ಲಕ್ಷವನ್ನೂ ಅದಕ್ಕೇ ಹಾಕು ಅಂತಿದ್ದಾರೆ."