ನಮ್ಮೂರಲ್ಲಿರೋದು ಯಾವ ಪ್ರಜಾಪ್ರಭುತ್ವ?

ಪ್ರಶ್ನೆ: ಮೇಡಂ, ನಮ್ಮದು ಕೊರಟಗೆರೆ ಹತ್ತಿರದ ಹಳ್ಳಿ. ಮಗಳು ಪಿಯುಸಿಯಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದಾಳೆ. ಪ್ರತ್ಯಕ್ಷ, ಪರೋಕ್ಷ, ಸಂಸದೀಯ, ಅಧ್ಯಕ್ಷೀಯ ಅಂತ ಬಾಯಿಪಾಠ ಮಾಡುತ್ತಾಳೆ. "ನಮ್ಮೂರಲ್ಲಿರೋದು ಯಾವುದಪ್ಪಾ?" ಅಂತ ಕೇಳಿದಳು. ಏನು ಹೇಳಲಿ?

ಉತ್ತರ (ರಾಜ್ಯಶಾಸ್ತ್ರ ಉಪನ್ಯಾಸಕಿ, ತುಮಕೂರು): ಒಳ್ಳೆಯ ಪ್ರಶ್ನೆ ಸರ್. ನಿಮ್ಮೂರಲ್ಲಿ ಪ್ರತ್ಯಕ್ಷ, ಪರೋಕ್ಷ ಎರಡೂ ಇವೆ. ಓಟು ಹಾಕಿ ಶಾಸಕರನ್ನು, ಸಂಸದರನ್ನು ಕಳಿಸುತ್ತೀರಲ್ಲ, ಅದು ಪರೋಕ್ಷ. ಗ್ರಾಮಸಭೆ ಹಾಗಲ್ಲ, ಅದು ಪ್ರತ್ಯಕ್ಷ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರು. ವಸತಿ ಯೋಜನೆಯ ಮನೆ ಯಾರಿಗೆ ಸಿಗಬೇಕು ಅಂತ ನೀವೇ ಎದ್ದು ನಿಂತು ಹೇಳಬಹುದು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿ ಅದಕ್ಕೆ ಸಂವಿಧಾನದಲ್ಲೇ ಜಾಗ ಕೊಟ್ಟಿತು.

ಪ್ರತ್ಯಕ್ಷ ಅಂದ ತಕ್ಷಣ ಎಲ್ಲರೂ ಸ್ವಿಟ್ಜರ್ಲೆಂಡ್ ಹೆಸರು ಹೇಳುತ್ತಾರೆ. ಅಲ್ಲಿ ಸಂಸತ್ತು ಮಾಡಿದ ಕಾನೂನು ಬೇಡ ಅನ್ನಿಸಿದರೆ 100 ದಿನದೊಳಗೆ 50,000 ಸಹಿ ಸೇರಿಸಬೇಕು. ಆಮೇಲೆ ಇಡೀ ದೇಶವೇ ಓಟು ಹಾಕಿ ತೀರ್ಮಾನಿಸುತ್ತದೆ. ಆದರೆ ಅಲ್ಲಿನ ಅಪೆನ್‌ಝೆಲ್ ಇನ್ನರ್‌ರೋಡನ್ ಪ್ರಾಂತ್ಯದ ಕಥೆಯನ್ನೂ ಮಗಳಿಗೆ ಹೇಳಿ. ಬಯಲಲ್ಲಿ ಸೇರಿ ಕೈ ಎತ್ತಿ ತೀರ್ಮಾನ ಮಾಡುವ ಊರದು. 1990ರಲ್ಲೂ ಗಂಡಸರೆಲ್ಲ ಸೇರಿ ಹೆಂಗಸರಿಗೆ ಮತದ ಹಕ್ಕು ಬೇಡ ಅಂದುಬಿಟ್ಟರು. ಕೊನೆಗೆ ಸುಪ್ರೀಂ ಕೋರ್ಟ್ ಕೊಡಿಸಬೇಕಾಯಿತು. ಅದಕ್ಕೇ ನನ್ನ ಪ್ರಕಾರ ಬರೀ ಬಹುಮತ ಇದ್ದರೆ ಸಾಲದು. ಹಕ್ಕು ಕಾಯುವ ಕೋರ್ಟೂ ಬೇಕು.

ಸಂಸದೀಯ, ಅಧ್ಯಕ್ಷೀಯದ ವ್ಯತ್ಯಾಸ ಸುಲಭ. ನಮ್ಮದು ಸಂಸದೀಯ. ನಮ್ಮ ಸರ್ಕಾರಕ್ಕೆ ಲೋಕಸಭೆಯ ಬಹುಮತ ಇರಲೇಬೇಕು. 1999ರಲ್ಲಿ ವಾಜಪೇಯಿ ಸರ್ಕಾರ ಒಂದೇ ಒಂದು ಓಟಿನಿಂದ ಬಿತ್ತು. ಅಮೆರಿಕದ್ದು ಅಧ್ಯಕ್ಷೀಯ. ಅಲ್ಲಿನ ಅಧ್ಯಕ್ಷರನ್ನು ಹೀಗೆ ಅವಿಶ್ವಾಸ ನಿರ್ಣಯದಿಂದ ಇಳಿಸೋಕಾಗಲ್ಲ. ಅವರ ಅವಧಿ 4 ವರ್ಷ.

ಇನ್ನೊಂದು ಪ್ರಶ್ನೆ: ಮೇಡಂ, ನಾನು ಶಿರಾ ಕಡೆಯವಳು. ನಮ್ಮ ಗ್ರಾಮಸಭೆಯಲ್ಲಿ ಸಭೆ ಶುರುವಾಗೋ ಮೊದಲೇ ಸಹಿ ಪುಸ್ತಕ ಬರುತ್ತದೆ. ಸಹಿ ಹಾಕಿ ಅರ್ಧ ಜನ ಡೈರಿಗೆ ಹಾಲು ಹಾಕೋಕೆ ಹೊರಡುತ್ತಾರೆ. ನಾವು ಹೆಂಗಸರು ಹಿಂದೆ ಸುಮ್ನೆ ಕೂತಿರುತ್ತೇವೆ. ಇದೂ ಪ್ರಜಾಪ್ರಭುತ್ವವೇನಾ?

ಉತ್ತರ: ನೀವು ಹೇಳಿದ್ದು ಓದಿ ಬೇಜಾರಾಯಿತಮ್ಮ. ಅಂಬೇಡ್ಕರ್ ಅವರಿಗೆ ಇದ್ದ ಆತಂಕವೂ ಇದೇ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಹೇಳಿದ್ದರು: ರಾಜಕೀಯದಲ್ಲಿ ಎಲ್ಲರ ಓಟಿಗೂ ಒಂದೇ ಬೆಲೆ ಬರುತ್ತದೆ, ಆದರೆ ಸಮಾಜದಲ್ಲಿ ಅಸಮಾನತೆ ಹಾಗೇ ಉಳಿಯುತ್ತದೆ ಅಂತ. ಸಭೆಯಲ್ಲಿ ಯಾರು ಮುಂದೆ ಕೂರುತ್ತಾರೆ, ಯಾರು ಮಾತಾಡುತ್ತಾರೆ ನೋಡಿದರೆ ಅದು ಕಾಣುತ್ತದೆ ಅಲ್ವಾ?

ಸಭೆಗೆ ಬಂದಿದ್ದೀರಿ ಅನ್ನೋದಕ್ಕಷ್ಟೇ ಆ ಸಹಿ ಸಾಕ್ಷಿ. ಎಲ್ಲದಕ್ಕೂ ಒಪ್ಪಿದ್ದೀರಿ ಅಂತಲ್ಲ. ವಾರ್ಡ್ ಸಭೆಯಿಂದಲೇ ಶುರು ಮಾಡಿ. ಅಲ್ಲಿ ಜನ ಕಮ್ಮಿ, ಎಲ್ಲಾ ಪರಿಚಯದವರೇ, ಬಾಯಿ ಬಿಡೋದು ಸುಲಭ. ನಾಲ್ಕೈದು ಜನ ಒಟ್ಟಿಗೆ ಹೋಗಿ. ಬೇಡಿಕೆಯನ್ನು ಬರೆದೇ ಕೊಡಿ. ನಡಾವಳಿಯಲ್ಲಿ ಏನು ಬರೆದರು ಅಂತ ಎದುರಿಗೇ ಓದಿಸಿ.